ಕೆಂಪು ಮುಚ್ಚಳದ ಪುರಾತತ್ವ ಇಲಾಖೆ

ಪರ್ತ್‌ನಲ್ಲಿರುವ ನಾದಿನಿಯ ಮನೆಗೆ ಕಾಲಿಟ್ಟ ದಿನವೇ ನನ್ನಿಂದ ಮೈಲಿಗೆಯಾಯಿತು. ಚಹಾ ಕುಡಿದು, ಹಿಂಡಿದ ಟೀ ಚೀಲವನ್ನು ಕೈಗೆ ಸಿಕ್ಕ ಡಬ್ಬಿಗೆ ಎಸೆದೆ. ಒಳಗಿನಿಂದ ನಾದಿನಿ ಓಡಿ ಬಂದಳು. “ಅಯ್ಯೋ ಭಾವ, ಅದು ಹಳದಿ! ಹಳದಿಗೆ ಮುಸುರೆ ಸೋಕಬಾರದು!”

ಇಲ್ಲಿ ಮನೆಗೆ ಮೂರು ಚಕ್ರದ ಡಬ್ಬಿಗಳು. ಹಳದಿ ಮುಚ್ಚಳದ್ದು ಮರುಬಳಕೆಗೆ, ಎಳೆಹಸಿರು ಮುಚ್ಚಳದ್ದು ಅಡುಗೆಮನೆ ಮತ್ತು ಹಿತ್ತಿಲಿನದಕ್ಕೆ, ಕೆಂಪು ಮುಚ್ಚಳದ್ದು ಗತಿಗೋತ್ರವಿಲ್ಲದ ಮಿಕ್ಕೆಲ್ಲದಕ್ಕೆ. ಪಿಜ್ಜಾ ಡಬ್ಬಿಯ ಒಣ ಮುಚ್ಚಳವನ್ನು ಹರಿದು ಹಳದಿಗೆ ಹಾಕಬೇಕು, ಎಣ್ಣೆ ಹೀರಿದ ತಳ ಹಸಿರಿಗೆ. ಮೊಸರಿನ ಡಬ್ಬಿಯನ್ನು ಮೂರು ನೀರಲ್ಲಿ ತೊಳೆದು ಕವುಚಿ ಒಣಗಿಸಿದ ಮೇಲಷ್ಟೇ ಅದಕ್ಕೆ ಹಳದಿ ಪ್ರವೇಶ. ಒದ್ದೆ ಸೀರೆಯನ್ನು ಕೋಲಿನ ತುದಿಯಿಂದ ಗಳುವಿಗೆ ಹಾಕುತ್ತಿದ್ದ ಅತ್ತೆಯ ಮಡಿಯನ್ನು ಅಣಕಿಸಿ ನಗುತ್ತಿದ್ದವಳು ಇದೇ ನಾದಿನಿ. ಪಾಪ, ಅತ್ತೆಯ ಮಡಿ ಮಧ್ಯಾಹ್ನದ ಊಟಕ್ಕೆ ಮುಗಿಯುತ್ತಿತ್ತು. ಇವಳದು ಏಕಾದಶಿಯೆನ್ನದೆ ದ್ವಾದಶಿಯೆನ್ನದೆ ವರ್ಷವಿಡೀ. ಮಠದ ಪಾಕಶಾಲೆಯಲ್ಲೂ ಇಷ್ಟು ಕಟ್ಟುನಿಟ್ಟು ನಾನು ಕಂಡಿಲ್ಲ.

ಎಸೆಯುವುದನ್ನೇ ಇಷ್ಟು ನಿಷ್ಠೆಯಿಂದ ನೋಡಿಕೊಳ್ಳುವವರು ಇಟ್ಟುಕೊಳ್ಳುವುದನ್ನು ಹೇಗೆ ನೋಡಿಕೊಳ್ಳಬಹುದು ಎಂಬ ಕುತೂಹಲ ಹುಟ್ಟಿತು. ರೈಲು ಹತ್ತಿ ಫ್ರೀಮ್ಯಾಂಟಲ್‌ಗೆ ಹೋದೆ. ಅಲ್ಲಿ ಒಡೆದ ಹಡಗುಗಳ ಮ್ಯೂಸಿಯಂನಲ್ಲಿ ಒಂದು ತವರದ ತಟ್ಟೆ ಇದೆ. ಕತೆ ಇದು: 1616ರಲ್ಲಿ ಡಿರ್ಕ್ ಹಾರ್ಟೋಗ್ ಎಂಬ ಡಚ್ ನಾವಿಕ ಪಶ್ಚಿಮ ಕರಾವಳಿಯ ದ್ವೀಪವೊಂದರಲ್ಲಿಳಿದು, ಊಟದ ತಟ್ಟೆಯೊಂದನ್ನು ಬಡಿದು ಚಪ್ಪಟೆ ಮಾಡಿ, ತಾನು ಬಂದ ತಾರೀಖು ಕೆತ್ತಿ, ಕಂಬಕ್ಕೆ ಜಡಿದು ಹೋದ. 1697ರಲ್ಲಿ ಬಂದ ವಿಲೆಮ್ ಡಿ ವ್ಲಾಮಿಂಗ್ ಅದನ್ನು ಕಿತ್ತುಕೊಂಡು, ಹಳೆಯ ಬರಹದ ಜೊತೆಗೆ ತನ್ನದನ್ನೂ ಕೆತ್ತಿದ ಹೊಸ ತಟ್ಟೆ ಜಡಿದ. ಅದು ಮರಳಿನಲ್ಲಿ ಅರ್ಧ ಹೂತಿದ್ದಾಗ 1801ರಲ್ಲಿ ಫ್ರೆಂಚ್ ಕ್ಯಾಪ್ಟನ್ ಹ್ಯಾಮ್ಲಿನ್ ಎತ್ತಿ ಮತ್ತೆ ನಿಲ್ಲಿಸಿದ. ಕೊನೆಗೆ 1818ರಲ್ಲಿ ಫ್ರೆಸಿನೆ ಎಂಬಾತನಿಗೆ ಕನಿಕರ ಹುಟ್ಟಿತು. ಇಂಥ ಅಮೂಲ್ಯ ವಸ್ತು ಗಾಳಿಮಳೆಗೆ ಬಿದ್ದಿರುವುದೇ ಎಂದುಕೊಂಡು ಪ್ಯಾರಿಸ್ಸಿಗೆ ಒಯ್ದು ಪಂಡಿತರ ಅಕಾಡೆಮಿಗೆ ಒಪ್ಪಿಸಿದ.

ಅಕಾಡೆಮಿ ಅದನ್ನು ಕಳೆದುಹಾಕಿತು. ಉಪ್ಪುಗಾಳಿಯಲ್ಲೂ ಮರಳಿನಲ್ಲೂ 121 ವರ್ಷ ಬದುಕಿದ್ದ ತಟ್ಟೆ ವಿದ್ವಾಂಸರ ಮಡಿಲಿಗೆ ಬಿದ್ದದ್ದೇ ತಡ, ಶತಮಾನಕ್ಕೂ ಮೀರಿ ನಾಪತ್ತೆ. 1940ರಲ್ಲಿ ಸಣ್ಣ ಕೋಣೆಯೊಂದರ ಕೆಳಗಿನ ಹಲಗೆಯಲ್ಲಿ, ಹಳೆಯ ತಾಮ್ರದ ಅಚ್ಚುಫಲಕಗಳ ನಡುವೆ ಸಿಕ್ಕಿತು. ಅಂದರೆ ಅದನ್ನು ಉಳಿಸಿದ್ದು ಅಕಾಡೆಮಿಯ ಅಟ್ಟದ ಗುಜರಿ. 1947ರಲ್ಲಿ ಆಸ್ಟ್ರೇಲಿಯಾಕ್ಕೆ ಮರಳಿತು. ಆ ಮನೆಯಲ್ಲಿ ವರ್ಷಕ್ಕೊಮ್ಮೆ ದೀಪಾವಳಿಗೆ ಧೂಳು ಹೊಡೆಯುವ ಅಜ್ಜಿಯೊಬ್ಬಳಿದ್ದಿದ್ದರೆ ತಟ್ಟೆ ಎಂದೋ ಹಳೆ ಪಾತ್ರೆಯವನ ಪಾಲಾಗುತ್ತಿತ್ತು.

ಅದೇನೋ ಮುನ್ನೂರು ಚಿಲ್ಲರೆ ವರ್ಷದ ಎಳೆಯ ತಟ್ಟೆ. ಇದೇ ರಾಜ್ಯದ ಉತ್ತರಕ್ಕೆ ಪಿಲ್ಬರಾ ಎಂಬ ಕೆಂಪು ಮಣ್ಣಿನ ಸೀಮೆಯಲ್ಲಿ ಜೂಕನ್ ಕಣಿವೆ ಇತ್ತು. ಪೂಟು ಕುಂಟಿ ಕುರ್ರಮ ಮತ್ತು ಪಿನಿಕುರ ಜನರ ನೆಲ. ಅಲ್ಲಿನ ಕಲ್ಲಾಸರೆಗಳಲ್ಲಿ ಮನುಷ್ಯರು ಒಲೆ ಹೂಡಿ, ಉಂಡು, ಕಲ್ಲು ಚಕ್ಕೆ ಎಬ್ಬಿಸಿ, ಎಲುಬು ಎಸೆದ ಗುರುತುಗಳು 46,000 ವರ್ಷ ಹಿಂದಕ್ಕೆ ಹೋಗುತ್ತಿದ್ದವು. 2013ರಲ್ಲಿ ರಿಯೊ ಟಿಂಟೊ ಗಣಿ ಕಂಪನಿಗೆ 1972ರ ಪರಂಪರೆ ಕಾಯಿದೆಯಡಿ ಅದನ್ನು ಒಡೆಯಲು ಅನುಮತಿ ಸಿಕ್ಕಿತು. ಮರುವರ್ಷ, ಒಡೆಯುವ ಮುಂಚೆ ಸಿಕ್ಕಷ್ಟು ಎತ್ತಿಡೋಣ ಎಂದು ಅಗೆದರೆ ಸುಮಾರು 7,000 ವಸ್ತುಗಳು ಬಂದವು. 28,000 ವರ್ಷದ ಕಾಂಗರೂ ಎಲುಬಿನ ಆಯುಧ. 4,000 ವರ್ಷದ ಹಿಂದೆ ಹೆಣೆದ ಕೂದಲಿನ ಜಡೆ. ಅದರ ಡಿಎನ್‌ಎ ಇಂದಿನ ಅದೇ ಜನರ ಜೊತೆ ತಾಳೆಯಾಯಿತು. ನಾಲ್ಕು ಸಾವಿರ ವರ್ಷದ ವಂಶಾವಳಿ, ಅದೂ ಪುರೋಹಿತರ ಹಂಗಿಲ್ಲದೆ! ಆದರೆ ಹೊಸ ಸಂಗತಿ ಸಿಕ್ಕಿತೆಂದು ಕೊಟ್ಟ ಅನುಮತಿಯನ್ನು ಮರಳಿ ನೋಡಲು ಕಾಯಿದೆಯಲ್ಲಿ ಜಾಗವಿರಲಿಲ್ಲ. 2020ರ ಮೇ 24ರಂದು ಸಿಡಿಮದ್ದು ತನ್ನ ಕೆಲಸ ಮಾಡಿತು. ಅಡಿಯಲ್ಲಿದ್ದ ಅದಿರು 80 ಲಕ್ಷ ಟನ್, ಬೆಲೆ 13.5 ಕೋಟಿ ಡಾಲರ್. ಇದು ಕಂಪನಿಯೇ ಸಂಸತ್ತಿನ ಸಮಿತಿಗೆ ಒಪ್ಪಿಸಿದ ಲೆಕ್ಕ.

ಗಮನಿಸಿ, ಎಲ್ಲವೂ ಕಾನೂನಿನ ಪ್ರಕಾರ. ಹಳದಿ ಡಬ್ಬಿಗೆ ಟೀ ಚೀಲ ಹಾಕಿದ ನಾನು ಮಾತ್ರ ಅಪರಾಧಿ.

ಆ ಸಮಿತಿಯ ವಿಚಾರಣೆಯಲ್ಲೇ ಇನ್ನೊಂದು ಸಂಗತಿ ಹೊರಬಿತ್ತು. ಅದೇ ಪಿಲ್ಬರಾದ ಮರಂಡೂ ಎಂಬಲ್ಲಿ ಗಣಿ ತೆರೆಯಲೆಂದು 1992ರಲ್ಲಿ ಸರ್ಕಾರ ಅದಕ್ಕೆಂದೇ ಪ್ರತ್ಯೇಕ ಶಾಸನ ಮಾಡಿ, ಆ ಜಾಗವನ್ನು ಪರಂಪರೆ ಕಾಯಿದೆಯಿಂದಲೇ ಹೊರಗಿಟ್ಟಿತ್ತು. ಗಣಿಯ ಬಾಯಿಂದ ಪಾರುಮಾಡಲು ಆಯ್ದು ತೆಗೆದ ಪ್ರಾಚೀನ ವಸ್ತುಗಳು ದೂರದ ಡಾರ್ವಿನ್‌ಗೆ ಹೋಗಿ, 1990ರ ದಶಕದಲ್ಲಿ ಅಲ್ಲಿನ ಊರಕಸದ ಗುಂಡಿ ಸೇರಿದವು ಎಂದು ಆ ನೆಲದ ಈಸ್ಟರ್ನ್ ಗುರುಮಾ ಜನರು ಸಮಿತಿಗೆ ತಿಳಿಸಿದರು. ನೆಲದಲ್ಲಿ ಕಸವಾಗಿ ಬಿದ್ದಿದ್ದಾಗ ಸಾವಿರಾರು ವರ್ಷ ಏನೂ ಆಗಿರಲಿಲ್ಲ. “ಸಂರಕ್ಷಣೆ”ಗೆ ಒಳಗಾದ ಕೆಲವೇ ವರ್ಷಗಳಲ್ಲಿ ತಿಪ್ಪೆ ಪಾಲು. ಒಂದೇ ಸಮಾಧಾನವೆಂದರೆ, ಈಗ ಮತ್ತೆ ತಿಪ್ಪೆಯಲ್ಲಿವೆ. ಇನ್ನು ಯಾರೂ ಸಂರಕ್ಷಿಸಲಾರರು.

ಆ ಸೀಮೆಯವರಿಗೆ ಹುಡುಕಲು ಬರುವುದಿಲ್ಲ ಎಂದು ಮಾತ್ರ ಹೇಳಬೇಡಿ. 2023ರ ಜನವರಿಯಲ್ಲಿ ಅದೇ ಕಂಪನಿಯ ಗಣಿಯೊಂದರಿಂದ ಪರ್ತ್‌ಗೆ ಬರುವ ದಾರಿಯಲ್ಲಿ ಒಂದು ವಿಕಿರಣಶೀಲ ಸೀಸಿಯಂ ಗುಳಿಗೆ ಲಾರಿಯಿಂದ ಉದುರಿಹೋಯಿತು. 6 ಮಿಲಿಮೀಟರ್ ಅಗಲ, 8 ಮಿಲಿಮೀಟರ್ ಎತ್ತರ. ನಮ್ಮ ಅವರೆಕಾಳಿಗಿಂತ ಚಿಕ್ಕದು. ದಾರಿಯ ಉದ್ದ 1,400 ಕಿಲೋಮೀಟರ್. ಸರ್ಕಾರ ಯಂತ್ರ ಹಿಡಿದು ಹೆದ್ದಾರಿಗಿಳಿಯಿತು. ಫೆಬ್ರುವರಿ 1ರಂದು ನ್ಯೂಮನ್ ಊರಿನ ಹತ್ತಿರ ರಸ್ತೆ ಬದಿಯಲ್ಲಿ ಅದು ಸಿಕ್ಕಿಯೇ ಬಿಟ್ಟಿತು! ಪೂರ್ವಜರು ಆ ಕೂದಲ ಜಡೆಗೆ ಒಂದಿಷ್ಟು ಸೀಸಿಯಂ ಸವರಿ ಇಟ್ಟಿದ್ದರೆ ಕಣಿವೆಗೆ ಇಂದಿಗೂ ಬೇಲಿ, ಪಹರೆ ಎರಡೂ ಇರುತ್ತಿದ್ದವು.

ಜೂಕನ್ ಕಣಿವೆಯ ತಪ್ಪಾದ ಮೇಲೆ ಹೊಸ ಪರಂಪರೆ ಕಾಯಿದೆ ಬಂತು. 2021ರಲ್ಲಿ ಪಾಸಾಗಿ 2023ರ ಜುಲೈ 1ಕ್ಕೆ ಜಾರಿಯಾಯಿತು. ತಮ್ಮ ಹೊಲದಲ್ಲಿ ಗುಂಡಿ ತೋಡಲೂ ಕೇಳಬೇಕೇ ಎಂದು ರೈತರು ಗದ್ದಲ ಎಬ್ಬಿಸಿದರು. ಆಗಸ್ಟ್ 8ಕ್ಕೆ ಸರ್ಕಾರ ರದ್ದತಿ ಘೋಷಿಸಿ 1972ರದ್ದಕ್ಕೇ ಮರಳುವುದಾಗಿ ಹೇಳಿತು. ಜಾರಿಯಾದ ಐದೇ ವಾರಕ್ಕೆ ತಿರಸ್ಕೃತವಾದ ಶಾಸನ. ನಾದಿನಿಯ ಫ್ರಿಜ್ಜಿನಲ್ಲಿ ಹುಳಿಮೆಣಸಿನಕಾಯಿ ಇದಕ್ಕಿಂತ ಹೆಚ್ಚು ದಿನ ಇರುತ್ತದೆ. ಆ ಶಾಸನದ ಕಾಗದಗಳು ಯಾವ ಬಣ್ಣದ ಮುಚ್ಚಳದ ಡಬ್ಬಿಗೆ ಹೋದವು ಎಂದು ವಿಚಾರಿಸಿದೆ. ನಾದಿನಿಗೂ ಗೊತ್ತಿರಲಿಲ್ಲ.

ಪರ್ತ್‌ನಿಂದ ಹೊರಟು ಅಡಿಲೇಡ್‌ನಲ್ಲಿ ಇಳಿದುಕೊಂಡದ್ದು ಹಾಸ್ಟೆಲ್ ಕಾಲದ ಗೆಳೆಯನ ಮನೆಯಲ್ಲಿ. ಬಳ್ಳಾರಿ ಕಡೆಯವನು, ಗಣಿ ಎಂಜಿನಿಯರಾಗಿದ್ದು ನಿವೃತ್ತನಾದವನು. ಬೆಳಿಗ್ಗೆ ಟೊರೆನ್ಸ್ ನದಿ ದಂಡೆಯಲ್ಲಿ ವಾಕಿಂಗ್ ಹೊರಟರೆ ಅವನ ಕೈಯಲ್ಲೊಂದು ಗೋಣಿಚೀಲ. ಬಿದ್ದ ಬಾಟಲಿ, ಡಬ್ಬಗಳನ್ನು ಹೆಕ್ಕುತ್ತಾನೆ. ದಕ್ಷಿಣ ಆಸ್ಟ್ರೇಲಿಯಾ 1977ರಲ್ಲೇ ಖಾಲಿ ಬಾಟಲಿಗೆ 5 ಸೆಂಟ್ ಕೊಡಲು ಶುರುಮಾಡಿತು, 2008ರಿಂದ 10 ಸೆಂಟ್. ಬೇರೆ ರಾಜ್ಯಗಳಿಗೆ ಬುದ್ಧಿ ಬರಲು ದಶಕಗಳೇ ಹಿಡಿದವು. “ಇದ್ರಾಗ ನಾಚ್ಕಿ ಏನು ಬಂತೋ? ಜೀವಮಾನ ಪೂರ್ತಿ ನೆಲದಾಗಿನ ಮಾಲು ಎತ್ತೀನಿ, ಈಗ ನೆಲದ ಮ್ಯಾಲಿನದು ಎತ್ತಾಕತ್ತೀನಿ” ಎಂದ.

ಜೂಕನ್ ಬಗ್ಗೆ ಕೇಳಿದೆ. ಬಾಟಲಿಯೊಂದರ ಮರಳು ಝಾಡಿಸುತ್ತ ಹೇಳಿದ: “ಅದಿರಿನ ಮ್ಯಾಲೆ ಏನಿರ್ತೈತಲ್ಲ, ಅದಕ್ಕೆಲ್ಲ ಒಂದೇ ಹೆಸ್ರು, ಓವರ್‌ಬರ್ಡನ್. ಮಣ್ಣೋ, ಮರವೋ, ಗುಡಿಯೋ, ಗವಿಯೋ, ನಮಗದು ಬೇಕಾಗಿಲ್ಲ. ತೆಗೆದು ಸುರಿಯೋ ಜಾಗಕ್ಕೆ ವೇಸ್ಟ್ ಡಂಪ್ ಅಂತೀವಿ. ನಕ್ಷೆದಾಗ ಬೂದಿ ಬಣ್ಣ ಬಳೀತೀವಿ.”

ಹೊರೆ! 46,000 ವರ್ಷ ಅಂದರೆ ಅದಿರಿನ ಬೆನ್ನ ಮೇಲೆ ಕೂತ ಹೊರೆ. ಇಂಥ ಪದ ಕಂಡುಹಿಡಿಯಲು ನಮ್ಮ ಪಂಪ ರನ್ನರಿಗೂ ಆಗಲಿಲ್ಲ.

ವಿಚಿತ್ರವೆಂದರೆ, ಈ ಖಂಡದಲ್ಲಿ ನೆಲದ ಪದರಗಳನ್ನು ಒಂದೊಂದಾಗಿ ಬಿಡಿಸಿ ಓದುವ ಶಾಸ್ತ್ರೀಯ ಉತ್ಖನನ ಶುರುವಾದದ್ದು ಇದೇ ಅಡಿಲೇಡ್‌ನವರಿಂದ. 1929ರಲ್ಲಿ ಇಲ್ಲಿನ ಮ್ಯೂಸಿಯಂನ ಹರ್ಬರ್ಟ್ ಹೇಲ್ ಮತ್ತು ನಾರ್ಮನ್ ಟಿಂಡೇಲ್, ಮರ್ರೆ ನದಿಯ ದಂಡೆಯ ಡೆವನ್ ಡೌನ್ಸ್‌ನಲ್ಲಿ ಬಂಡೆಯ ಆಸರೆಯೊಂದನ್ನು ಅಗೆದರು. ಅಲ್ಲಿನ ಜನ ಅದನ್ನು ನೌಟ್ ನೌಟ್ ಎನ್ನುತ್ತಾರೆ. ಟಿಂಡೇಲ್ ಮೊದಲಿಗೆ ಹುಳುಹುಪ್ಪಟೆ ಅಧ್ಯಯನದವನು, ಹಾಗಾಗಿ ಸಣ್ಣದನ್ನು ಕಡೆಗಣಿಸುವ ದೊಡ್ಡವರ ರೋಗ ಅವನಿಗಿರಲಿಲ್ಲ. ಸಿಕ್ಕಿದ್ದಾದರೂ ಏನು? ಬೂದಿ, ಚಿಪ್ಪು, ಮೀನಿನ ಮುಳ್ಳು, ಎಲುಬು, ಮುರಿದ ಹತಾರ. ತಲೆತಲಾಂತರ ಎಸೆದ ಎಂಜಲು. ಮೂಲನಿವಾಸಿಗಳು ಮೊನ್ನೆ ಮೊನ್ನೆ ಬಂದವರು, ಬಂದಂದಿನಿಂದ ಬದಲಾಗದೆ ಹಾಗೇ ಇದ್ದವರು ಎಂದು ಆಗಿನ ಬಿಳಿಯ ಪಂಡಿತರು ಸಾರುತ್ತಿದ್ದರು. ಆ ಪದರಗಳೊಳಗೆ ಹತಾರ ಬದಲಾಗಿತ್ತು, ತಿನ್ನುವ ಪ್ರಾಣಿ ಬದಲಾಗಿತ್ತು. ಪಂಡಿತರ ಬಾಯಿ ಮುಚ್ಚಿಸಿದ್ದು ತಿಪ್ಪೆ.

ಇಂಥ ರಾಶಿಗಳಿಗೆ ಇಂಗ್ಲಿಷಿನವರು ಮಿಡನ್ ಎಂಬ ಗಂಭೀರ ಪದ ಬಳಸುತ್ತಾರೆ. ಅದರ ಮೂಲ ಹುಡುಕಿದರೆ ಸ್ಕ್ಯಾಂಡಿನೇವಿಯಾದ ಹಳ್ಳಿಯವರ ಸಗಣಿ ಗುಡ್ಡೆ. ಸಾಕ್ಷಾತ್ ತಿಪ್ಪೆ. ಶಾಸ್ತ್ರೀಯ ಪಟ್ಟ ಸಿಗಲು ಪಾಪ ಅದು ಸಮುದ್ರ ದಾಟಬೇಕಾಯಿತು.

“ನಮ್ಮೂರಾಗೇ ಐತಲ್ಲೋ!” ಎಂದ ಗೆಳೆಯ, ಕುಡತಿನಿಯ ಬೂದಿದಿಬ್ಬ ನೆನಪಿಸಿ. ನನಗೆ ನಾಚಿಕೆಯಾಯಿತು. ಬಳ್ಳಾರಿ, ರಾಯಚೂರು, ಸುರಪುರ ಸೀಮೆಯ ಬೂದಿದಿಬ್ಬಗಳನ್ನು ರಾಕ್ಷಸರನ್ನು ಸುಟ್ಟ ಜಾಗ ಎಂದು ಜನ ನಂಬಿದ್ದರು; ಹಂಪಿಯ ಹತ್ತಿರದ ನಿಂಬಾಪುರದ್ದಂತೂ ವಾಲಿಯ ಚಿತಾಭಸ್ಮ. ಜ್ವಾಲಾಮುಖಿ ಎಂದವರುಂಟು, ಕಬ್ಬಿಣದ ಕುಲುಮೆ ಎಂದವರುಂಟು. 1957ರಲ್ಲಿ ಆಲ್ಚಿನ್ ಎಂಬ ಇಂಗ್ಲಿಷ್ ವಿದ್ವಾಂಸ ಉಟ್ನೂರಿನ ದಿಬ್ಬವನ್ನು ಅಗೆದಾಗ ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು. ನಾಲ್ಕೈದು ಸಾವಿರ ವರ್ಷದ ಹಿಂದಿನ ದನಗಾಹಿಗಳ ದೊಡ್ಡಿ. ಅವರು ರಾಶಿ ಹಾಕಿ ಸುಟ್ಟ ಸಗಣಿ. ಬುದಿಹಾಳದಲ್ಲಿ ಪದ್ದಯ್ಯ ಅವರು ಅಗೆದಾಗ ದಿಬ್ಬದ ಪಕ್ಕದಲ್ಲಿ ಊರೇ ಹೊರಬಂತು. ಹೊಯ್ಸಳರ ಸೊಸೆಯಂದಿರ ಒಡವೆ ಎಲ್ಲಿ ಹೋದವೋ ಶಿವನೇ ಬಲ್ಲ. ಹೆಸರಿಲ್ಲದ ಹಸುವೊಂದರ ಹೆಜ್ಜೆ ಮಾತ್ರ ಭದ್ರವಾಗಿತ್ತು.

ಈ ದಿಬ್ಬಗಳನ್ನು ನಾವು ಏನು ಮಾಡಿದೆವು? ರೈತರು ಗಾಡಿಗಟ್ಟಲೆ ಹೊಲಕ್ಕೆ ಹೊಡೆದರು. “ನಮ್ಮಪ್ಪನೂ ಹೊಡ್ದಾನ. ಆ ವರ್ಷ ಜ್ವಾಳ ಎದಿಮಟ್ಟ ಬಂದಿತ್ತು” ಎಂದ ಗೆಳೆಯ, ಹೆಮ್ಮೆ ಮತ್ತು ಪಾಪಪ್ರಜ್ಞೆ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತ. ನನಗೆ ಅವನ ಅಪ್ಪನ ಮೇಲೆ ಸಿಟ್ಟಿಲ್ಲ. ಜೋಳವಾದರೂ ಬೆಳೆಯಿತು. ಪಕ್ಕದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ನಾದ ಹೊಮ್ಮುವ ಬಂಡೆಗಳಿವೆ, ಹೊಸ ಶಿಲಾಯುಗದವರ ಕೆತ್ತನೆಗಳಿವೆ. ಆ ಗುಡ್ಡವನ್ನು ಜಲ್ಲಿಕಲ್ಲಿಗಾಗಿ ಕೊರೆಯುತ್ತ ಬಂದವರು ಯಾವ ಬೆಳೆ ತೆಗೆದರೋ ನನಗೆ ತಿಳಿಯದು. “ತಿಪ್ಪೆ ಸಾರಿಸುವುದು” ಎಂಬ ನುಡಿಗಟ್ಟು ಕೊಟ್ಟವರು ನಾವು. ಸಾರಿಸುವುದರಲ್ಲಿ ಪರ್ತ್‌ನವರಿಗೆ ನಾವೇ ಪಾಠ ಹೇಳಬಹುದು.

ಕೊನೆಯ ನಿಲುಗಡೆ ಬ್ರಿಸ್ಬೇನ್. ಅಲ್ಲಿ ಮಗಳು, ಅಳಿಯ. ಸೌತ್ ಬ್ಯಾಂಕ್‌ನ ಹುಲ್ಲಿನ ಮೇಲೆ ಕೂತು ಚಪಾತಿ ಬಿಚ್ಚುವಷ್ಟರಲ್ಲಿ ಬಾಗಿದ ಕರಿ ಕೊಕ್ಕಿನ, ಮಾಸಲು ಬಿಳಿಯ ಹಕ್ಕಿಯೊಂದು ಬಂದು ಒಂದನ್ನು ಎತ್ತಿಕೊಂಡೇ ಹೋಯಿತು. ಐಬಿಸ್. ನಮ್ಮ ಗದ್ದೆಯ ಕೆಂಬರಲಿನ ಕುಲದ್ದು. ಕೊಕ್ಕನ್ನು ಕಸದ ಡಬ್ಬಿಯೊಳಗೆ ಇಳಿಸಿ ಕೆದಕುವುದೇ ಇದರ ಕಸುಬು, ಹಾಗಾಗಿ ಊರವರು ಇಟ್ಟ ಹೆಸರು “ಬಿನ್ ಚಿಕನ್”, ಡಬ್ಬಿಕೋಳಿ. 2017ರಲ್ಲಿ ಪತ್ರಿಕೆಯೊಂದು ವರ್ಷದ ಹಕ್ಕಿ ಯಾವುದೆಂದು ಓದುಗರನ್ನು ಕೇಳಿದಾಗ ಈ ಕಳ್ಳ ಎರಡನೆಯ ಸ್ಥಾನಕ್ಕೆ ಬಂತು. ನಮ್ಮಲ್ಲೂ ಇಂಥವರಿಗೇ ಓಟು ಬೀಳುವುದು.

ಇದರ ಖಾಸಾ ದಾಯಾದಿಯನ್ನು ಪ್ರಾಚೀನ ಈಜಿಪ್ಟಿನವರು ಪೂಜಿಸುತ್ತಿದ್ದರು. ಬರವಣಿಗೆಯ ದೇವರು ಥೋತ್‌ಗೆ ಐಬಿಸ್ ಹಕ್ಕಿಯದೇ ತಲೆ. ಅಕ್ಷರದ ಅಧಿದೇವತೆ ತಿಪ್ಪೆ ಕೆದಕುವ ಹಕ್ಕಿ ಎಂದು ಅವರಿಗೆ ಹೇಗೆ ಹೊಳೆಯಿತೋ! ಅದೇ ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನಾಚೆ ಮರಳು ಮುಚ್ಚಿದ ಕಸದ ದಿಬ್ಬಗಳಿದ್ದವು. ಆಕ್ಸ್‌ಫರ್ಡಿನ ಗ್ರೆನ್‌ಫೆಲ್ ಮತ್ತು ಹಂಟ್ 1896-97ರ ಚಳಿಗಾಲದಲ್ಲಿ ಅಗೆಯಲು ಶುರುಮಾಡಿದರೆ ಪಪೈರಸ್ ಚೂರುಗಳು ಬುಟ್ಟಿಗಟ್ಟಲೆ ಬಂದವು. ಮಳೆ ಇಲ್ಲ, ಅಂತರ್ಜಲ ಮುಟ್ಟುವುದಿಲ್ಲ, ಕೊಳೆಯಲು ಕಾರಣವೇ ಇಲ್ಲ. ತೆರಿಗೆ ರಸೀದಿ, ಮನೆ ಜಗಳದ ಕಾಗದ, ಸಾಲದ ಪತ್ರ. ಅವುಗಳ ನಡುವೆ ಸಾಫೋಳ ಕವಿತೆ, ಸೊಫೊಕ್ಲಿಸ್‌ನ ಕಳೆದುಹೋದ ನಾಟಕ. ಮಹಾ ಗ್ರಂಥಾಲಯ ಎಂದು ಹೆಸರಾದ ಅಲೆಕ್ಸಾಂಡ್ರಿಯಾದ್ದು ಒಂದು ಹಾಳೆಯೂ ನಮಗೆ ಉಳಿದಿಲ್ಲ. ಒಂದು ಸಾಧಾರಣ ಊರಿನ ತಿಪ್ಪೆಯದು ಸುಮಾರು 5 ಲಕ್ಷ ತುಣುಕು.

ಅದರಲ್ಲೊಂದು, 413ನೆಯ ಸಂಖ್ಯೆಯದು, ನಮಗೆ ಸೇರಿದ್ದು. ಅಥವಾ ಸೇರಿದ್ದೆಂದು ನಾವು ಹಕ್ಕು ಸಾಧಿಸುತ್ತಿರುವುದು. ಕ್ರಿಸ್ತಶಕ 2ನೆಯ ಶತಮಾನದ ಕೈಬರಹದ ಗ್ರೀಕ್ ಪ್ರಹಸನ. ಚಾರಿಷನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದ ರಾಜನೊಬ್ಬನ ಸೆರೆಯಲ್ಲಿದ್ದಾಳೆ. ಅವಳ ಅಣ್ಣ ಬಂದು ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ ತಂಗಿಯನ್ನು ಹಾರಿಸಿಕೊಂಡು ಹೋಗುತ್ತಾನೆ. ಜೊತೆಗೊಬ್ಬ ವಿದೂಷಕ, ಅವನ ಆಯುಧ ಅಪಾನವಾಯು. ಅಲ್ಲಿನ ರಾಜ ಆಡುವ ಹಲವು ಮಾತು ಗ್ರೀಕ್ ಅಲ್ಲ. ಅದು ಕನ್ನಡ ಎಂದು 1904ರಲ್ಲಿ ಹುಲ್ಷ್ ಎಂಬ ಜರ್ಮನ್ ಶಾಸನತಜ್ಞ ಬರೆದ. ಮೈಸೂರಿನ ಶಾಮಶಾಸ್ತ್ರಿಗಳು ಹೌದೆಂದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಅದನ್ನು ಉಡುಪಿ ಕರಾವಳಿಗೇ ತಂದು ನಿಲ್ಲಿಸಿದರು. ಕನ್ನಡವಲ್ಲ, ತುಳು ಎಂದು ಕೆಲವರ ವಾದ. ಎರಡೂ ಅಲ್ಲ, ನಗಿಸಲು ಬರೆದ ಅರ್ಥವಿಲ್ಲದ ಸದ್ದು ಎಂದು ಇನ್ನು ಕೆಲವರದು. ನನ್ನದಂತೂ ಪೈಗಳ ಪಕ್ಷ. ಮಲ್ಪೆಯ ಪಕ್ಕದಲ್ಲೇ ಹುಟ್ಟಿದವನಿಗೆ ಬೇರೆ ದಾರಿಯೂ ಇಲ್ಲ. ವಾದ ಗೆದ್ದದ್ದೇ ಆದರೆ, ಹಲ್ಮಿಡಿ ಶಾಸನಕ್ಕಿಂತ ಇನ್ನೂರು ಮುನ್ನೂರು ವರ್ಷ ಹಿಂದಿನ ಕನ್ನಡವನ್ನು ಕಾಪಾಡಿದ ಕೀರ್ತಿ ಯಾವ ಅರಸನಿಗೂ ಸಲ್ಲದು. ಅದು ಈಜಿಪ್ಟಿನ ಪೌರಕಾರ್ಮಿಕರದು. ರಾಜ್ಯೋತ್ಸವ ಪ್ರಶಸ್ತಿಗೆ ಶಿಫಾರಸು ಮಾಡಬೇಕು.

ಹುಬ್ಬೇರಿಸಬೇಡಿ. ನಮ್ಮ ಮನೆಗಳಲ್ಲಿದ್ದ ತಾಳೆಗರಿ ಕಟ್ಟುಗಳು ಅಟ್ಟದಿಂದ ಇಳಿದು ನೇರ ಹೋದದ್ದು ಬಚ್ಚಲ ಒಲೆಗೆ. ಅಜ್ಜ ಭಕ್ತಿಯಿಂದ ಪೂಜಿಸಿದ, ಅಪ್ಪ ಬಿಸಿನೀರು ಕಾಯಿಸಿದ. ನಡುವೆ ಯಾರಾದರೂ ತಿರಸ್ಕಾರದಿಂದ ಒಣಗುಂಡಿಗೆ ಎಸೆದಿದ್ದರೆ ಎರಡು ಕಾವ್ಯವಾದರೂ ಉಳಿಯುತ್ತಿದ್ದವೋ ಏನೋ.

ಬ್ರಿಸ್ಬೇನ್ ಹಳತನ್ನು ಎಸೆಯುವುದಕ್ಕೆ ರಾತ್ರಿಯನ್ನೇ ಆರಿಸಿಕೊಂಡ ಊರು. ಬೆಲ್‌ವ್ಯೂ ಹೋಟೆಲನ್ನು 1979ರ ಏಪ್ರಿಲ್‌ನಲ್ಲಿ ನಡುರಾತ್ರಿ ಕೆಡವಿದರು. ಊರಿನ ಅರ್ಧದಷ್ಟು ಮದುವೆಗಳಿಗೆ ಕಾರಣವಾಗಿತ್ತೆಂದು ಹೇಳಲಾಗುವ ಕ್ಲೌಡ್‌ಲ್ಯಾಂಡ್ ನೃತ್ಯಶಾಲೆಯನ್ನು 1982ರ ನವೆಂಬರ್ 7ರ ಬೆಳಗಿನ ಜಾವ ನಾಲ್ಕಕ್ಕೆ. ಎರಡಕ್ಕೂ ಒಂದೇ ಗುತ್ತಿಗೆದಾರರು. ಎದುರಿನ ಮೋರ್ಟನ್ ಕೊಲ್ಲಿಯ ಮಿಂಜರಿಬಾ ದ್ವೀಪದಲ್ಲಿ ಕ್ವಾಂಡಮೂಕ ಜನರ ಪೂರ್ವಜರು ನೆಲೆಸಿದ ಜಾಗದ ಪದರಗಳು 20,000 ವರ್ಷ ಹಿಂದಕ್ಕೆ ಹೋಗುತ್ತವೆ. ಅವರು ತಿಂದೆಸೆದ ಚಿಪ್ಪಿನ ರಾಶಿಗಳು ಇಂದೂ ಕೊಲ್ಲಿಯ ದಡದಲ್ಲಿ ಬಿಳಿಚುತ್ತ ಕೂತಿವೆ. ಅಂಥ ರಾಶಿಗಳನ್ನು ಕಂಡ ಹತ್ತೊಂಬತ್ತನೆಯ ಶತಮಾನದ ವಲಸಿಗರಿಗೆ ನೆನಪಾದದ್ದು ಸುಣ್ಣ. ಸಿಡ್ನಿಯ ಜಗತ್ಪ್ರಸಿದ್ಧ ಒಪೆರಾ ಹೌಸ್ ನಿಂತ ಚಾಚಿಗೆ ಸುಣ್ಣ ಸುಡುವವರ ಮೂಲೆ ಎಂಬ ಹೆಸರೇ ಇತ್ತು. ಮರುವಾಯಿ ಚಿಪ್ಪು ಸುಟ್ಟು ವೀಳ್ಯಕ್ಕೆ ಹಚ್ಚುವ ನಾವು ಅವರನ್ನು ಹೇಗೆ ದೂರೋಣ? ನಾವಾದರೋ ತಾಜಾ ಚಿಪ್ಪು ಸುಡುತ್ತೇವೆ. ಅವರು ಸುಟ್ಟದ್ದು ಸಾವಿರಾರು ವರ್ಷದ ಊಟದ ಲೆಕ್ಕಪುಸ್ತಕ.

ಈಗ 2032ರ ಒಲಿಂಪಿಕ್ಸ್‌ಗೆ ವಿಕ್ಟೋರಿಯಾ ಪಾರ್ಕಿನಲ್ಲಿ ಕ್ರೀಡಾಂಗಣ ಬರುತ್ತದೆ. ಮೂಲನಿವಾಸಿಗಳು ಬರ್ರಂಬಿನ್ ಎಂದು ಕರೆಯುವ, ಅವರ ಹಿರಿಯರ ಬಿಡಾರವಿದ್ದ ಜಾಗ. ಕ್ರೀಡೆಯ ಕಟ್ಟಡಗಳಿಗೆ ಪರಂಪರೆಯೂ ಸೇರಿದಂತೆ ಹಲವು ಕಾಯಿದೆಗಳು ಅಡ್ಡಿಯಾಗದಂತೆ 2025ರಲ್ಲಿ ಶಾಸನವೂ ಆಯಿತು. ಈ ಸಲ ನಡುರಾತ್ರಿ ಏಳಬೇಕಾಗಿಲ್ಲ, ಹಗಲಲ್ಲೇ ಮಾಡಬಹುದು.

ಬುಧವಾರ ಇಲ್ಲಿ ಡಬ್ಬಿ ಹೊರಗಿಡುವ ರಾತ್ರಿ. ಈ ಬರಹವನ್ನು ಅಳಿಯನ ಆಫೀಸಿನ ರದ್ದಿ ಹಾಳೆಗಳ ಬೆನ್ನಿಗೆ ಪೆನ್ನಿನಲ್ಲಿ ಬರೆದಿದ್ದೆ. ಟೈಪಿಸಿ ಮುಗಿದ ಮೇಲೆ ಹಾಳೆಗಳನ್ನು ಸುತ್ತಿ ಹೊರಗೆ ಬಂದೆ. ವಿಲಿಯಂ ರಾಥ್‌ಜೆ ಎಂಬ ಅಮೆರಿಕದ ಪ್ರೊಫೆಸರ್ 1973ರಿಂದ ಊರಕಸವನ್ನೇ ಅಧ್ಯಯನಕ್ಕೆ ಎತ್ತಿಕೊಂಡು, ಕಸ ಹೂಳುವ ಮೈದಾನಗಳನ್ನೂ ಅಗೆದಾಗ ದಶಕಗಳ ಹಿಂದಿನ ದಿನಪತ್ರಿಕೆ ಓದಬಲ್ಲಂತೆ ಸಿಕ್ಕಿತ್ತು. ಗಾಳಿ ಬೆಳಕು ಸೋಕದಂತೆ ಒತ್ತಿ ಹೂತದ್ದು ಬೇಗ ಕೊಳೆಯುವುದಿಲ್ಲ. ಬ್ರಿಸ್ಬೇನಿನ ಕೆಂಪು ಡಬ್ಬಿಯದು ರೋಚೆಡೇಲ್ ಎಂಬಲ್ಲಿ ಹೂತುಹೋಗುತ್ತದೆ. ಹಳದಿಯದು ನೀರಲ್ಲಿ ಕದಡಿ, ಮುದ್ದೆಯಾಗಿ, ಮತ್ತೊಂದು ಪಿಜ್ಜಾ ಡಬ್ಬಿಯಾಗುತ್ತದೆ. ಲೆಕ್ಕ ಹಾಕಿ, ಆಚೀಚೆ ನೋಡಿ, ಕೆಂಪು ಮುಚ್ಚಳ ಎತ್ತಿ ಒಳಗಿಟ್ಟೆ. ಮೇಲೆ ಒಂದು ಹಳೆಯ ಚಪ್ಪಲಿ ಮುಚ್ಚಿದೆ. ಎರಡು ಸಾವಿರ ವರ್ಷದ ನಂತರ ಯಾರಾದರೂ ಕೈಗೆತ್ತಿಕೊಂಡು, ಇದು ಕನ್ನಡವೋ ತುಳುವೋ ನಗಿಸಲು ಬರೆದ ಅರ್ಥವಿಲ್ಲದ ಸದ್ದೋ ಎಂದು ಜಗಳವಾಡಲಿ.

ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತಿದ್ದಾಗ ಲಾರಿ ಬಂದ ಸದ್ದಾಯಿತು. ಅಳಿಯ ಕೈ ತೊಳೆದುಕೊಂಡು ಒಳಬಂದ.

“ಮಾವ, ರಾತ್ರಿ ಕಾಗದ ಕೆಂಪು ಡಬ್ಬಿಗೆ ಹಾಕಿಬಿಟ್ಟಿದ್ರಿ. ತೆಗೆದು ಹಳದಿಗೆ ಹಾಕಿದೀನಿ. ಸದ್ಯ, ಟೈಮಿಗೆ ನೋಡಿದೆ.”